ರಿಜಿಸ್ಟರ್‌ನಲ್ಲಿ ನರ್ಸ್ ಇದ್ದಾರೆ, ಬೆಡ್ ಪಕ್ಕ ಯಾರಿದ್ದಾರೆ?

2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ನ್ಯಾಷನಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕಮಿಷನ್ ಕಾಯ್ದೆ ಬಗ್ಗೆ ನಮ್ಮಲ್ಲಿ ಮಾತಾಡಿದವರು ಕಡಿಮೆ. ಡಾಕ್ಟರುಗಳಿಗೆ ಮೆಡಿಕಲ್ ಕಮಿಷನ್ ತರ್ತೀವಿ ಅಂದಾಗ ಸ್ಟ್ರೈಕು, ಟೀವಿ ಡಿಬೇಟು ಎಲ್ಲಾ ಆಯ್ತು, ನರ್ಸುಗಳದ್ದು ಬಂದಾಗ ಒಳಪುಟದಲ್ಲೊಂದು ಚಿಕ್ಕ ಸುದ್ದಿ, ಅಷ್ಟೆ. ಆದ್ರೆ ಇದು ಸಣ್ಣ ಬದಲಾವಣೆ ಏನಲ್ಲ. 1947ರಿಂದ ನಡ್ಕೊಂಡು ಬಂದಿದ್ದ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆನ ತೆಗೆದು ಅದರ ಜಾಗಕ್ಕೆ 29 ಜನರ ಒಂದು ಕಮಿಷನ್, ಅದರ ಕೆಳಗೆ ಶಿಕ್ಷಣಕ್ಕೊಂದು, ಕಾಲೇಜುಗಳನ್ನ ಅಳೆದು ರೇಟಿಂಗ್ ಕೊಡೋಕೊಂದು, ನೀತಿ ಮತ್ತೆ ನೋಂದಣಿಗೊಂದು ಅಂತ ಬೋರ್ಡುಗಳು, ರಾಜ್ಯಕ್ಕೊಂದು ಕಮಿಷನ್, ದೇಶಕ್ಕೆಲ್ಲ ಒಂದೇ ರಿಜಿಸ್ಟರ್, ಸೀಟು ಬೇಕಂದ್ರೆ ಎಂಟ್ರೆನ್ಸ್. ಕಾಗದದ ಮೇಲೆ ಚೆನ್ನಾಗೇ ಇದೆ, ನೆಲಕ್ಕಿಳಿಯೋದೇ ನಿಧಾನ.

ನನ್ನ ತಕರಾರು ನಿಧಾನದ ಬಗ್ಗೆ ಅಲ್ಲ. ರಿಜಿಸ್ಟರ್‌ನಲ್ಲಿ ಹೆಸರು ಬಂದ ಮೇಲೆ ಆ ಹೆಸರಿನ ಹಿಂದಿರೋ ಹುಡುಗಿಗೋ ಹುಡುಗನಿಗೋ ಒಬ್ಬ ರೋಗಿನ ನಿಭಾಯಿಸೋಕೆ ಬರತ್ತಾ ಅನ್ನೋದನ್ನ ಯಾರು ನೋಡ್ತಾರೆ ಅನ್ನೋದು. ಇದು ಇವತ್ತಿನ ಜಗಳವೂ ಅಲ್ಲ, ನರ್ಸಿಂಗ್ ಅನ್ನೋದು ಒಂದು ವೃತ್ತಿ ಅಂತ ಹುಟ್ಟಿದಾಗಲೇ ಇದೇ ವಿಷಯಕ್ಕೆ ದೊಡ್ಡ ಜಟಾಪಟಿ ಆಗಿತ್ತು.

1887ರಲ್ಲಿ ಇಂಗ್ಲೆಂಡಿನಲ್ಲಿ ಎಥೆಲ್ ಬೆಡ್‌ಫೋರ್ಡ್ ಫೆನ್ವಿಕ್ ಅನ್ನೋ ಮಾಜಿ ಮೇಟ್ರನ್ ಒಂದು ಸಂಘ ಕಟ್ಟಿದ್ರು, ಬೇಡಿಕೆ ಒಂದೇ: ತರಬೇತಿ ಪಡೆದ ನರ್ಸುಗಳನ್ನ ಸರ್ಕಾರ ನೋಂದಣಿ ಮಾಡ್ಕೋಬೇಕು, ಇಲ್ಲಾಂದ್ರೆ ಬಿಳಿ ಏಪ್ರನ್ ಹಾಕ್ಕೊಂಡೋರೆಲ್ಲ ನರ್ಸೇ ಅಂತ ಜನ ನಂಬ್ತಾರೆ. ಈಕೇನೇ ಮುಂದೆ 1899ರಲ್ಲಿ ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್ ಶುರು ಮಾಡೋಕೂ ಮುಂದೆ ನಿಂತಿದ್ದು. ಇದನ್ನ ವಿರೋಧಿಸಿದ್ದು ಯಾರು ಅಂದ್ಕೊಂಡ್ರಿ? ಫ್ಲಾರೆನ್ಸ್ ನೈಟಿಂಗೇಲ್! ಪರೀಕ್ಷೆ ಬರೆಸಿ ಪಟ್ಟಿಗೆ ಹೆಸರು ಹಾಕಿದ್ರೆ ಓದಿದ್ದು ಗೊತ್ತಾಗಬಹುದು, ನಡತೆ ಗೊತ್ತಾಗಲ್ಲ, ಕೈಗೆಲಸ ಗೊತ್ತಾಗಲ್ಲ, ಪಟ್ಟಿ ಒಂದ್ಸಲ ಸೇರಿದವಳು ಹತ್ತು ವರ್ಷ ಆದ್ಮೇಲೆ ಹೇಗಿದ್ದಾಳೆ ಅಂತಾನೂ ಗೊತ್ತಾಗಲ್ಲ ಅನ್ನೋದು ಆಕೆಯ ವಾದದ ಸಾರ. ಕೊನೆಗೆ ಗೆದ್ದಿದ್ದು ಫೆನ್ವಿಕ್. ನ್ಯೂಜಿಲೆಂಡ್ 1901ರಲ್ಲೇ ಕಾನೂನು ಮಾಡ್ತು, ಬ್ರಿಟನ್ 1919ರಲ್ಲಿ, ಅಷ್ಟೊತ್ತಿಗೆ ನೈಟಿಂಗೇಲ್ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು.

ಇಬ್ಬರೂ ಹೇಳಿದ್ದು ಸರಿನೇ ಇತ್ತು ಅನ್ಸತ್ತೆ ನಂಗೆ. ನಮ್ಮ ದೇಶದಲ್ಲಿ ಫೆನ್ವಿಕ್ ಕೇಳಿದ್ದ ರಿಜಿಸ್ಟರೂ ಬಂತು, ನೈಟಿಂಗೇಲ್ ಹೆದರಿದ್ದೂ ಆಯ್ತು.

ನೈಟಿಂಗೇಲ್ ಅಂದ್ರೆ ಕೈಲಿ ದೀಪ ಹಿಡ್ಕೊಂಡ ಕರುಣಾಮಯಿ ಅಂತ ಮಾತ್ರ ನಮ್ಮ ಪಠ್ಯಗಳು ಹೇಳ್ಕೊಡ್ತಾವೆ, ಅಸಲಿ ಕಥೆ ಅದಕ್ಕಿಂತ ಗಟ್ಟಿ ಇದೆ. 1854ರಲ್ಲಿ 38 ಜನ ನರ್ಸುಗಳನ್ನ ಕರ್ಕೊಂಡು ಕ್ರಿಮಿಯಾ ಯುದ್ಧದ ಸ್ಕುಟಾರಿ ಆಸ್ಪತ್ರೆಗೆ ಹೋದ್ರಲ್ಲ, ಅವರು ಹೋದ ಮೇಲೂ ಸಾವು ಏರ್ತಾನೇ ಇತ್ತು. 1855ರ ಫೆಬ್ರವರಿಲಿ ದಾಖಲಾದವರಲ್ಲಿ ಶೇಕಡಾ 42ರ ಆಸುಪಾಸು ಸಾಯ್ತಿದ್ರು. ಮಾರ್ಚ್‌ನಲ್ಲಿ ಲಂಡನ್ನಿಂದ ಸ್ಯಾನಿಟರಿ ಕಮಿಷನ್ ಬಂದು ಕಟ್ಟಡದ ಕೆಳಗಿನ ಚರಂಡಿ ತೆಗೆಸಿ, ನೀರು ಗಾಳಿ ಸರಿ ಮಾಡಿಸಿದ ಮೇಲೆ ಜೂನ್ ಹೊತ್ತಿಗೆ ಅದು ಶೇಕಡಾ ಎರಡರ ಹತ್ತಿರ ಬಂತು. ಊಟ ಇಲ್ಲದೆ, ಬಸವಳಿದು ಬಂದು ಸಾಯ್ತಿದ್ದಾರೆ ಅಂತಾನೇ ಆಗ ಆಕೆ ಅಂದ್ಕೊಂಡಿದ್ರು. ಯುದ್ಧ ಮುಗಿಸಿ ಊರಿಗೆ ಬಂದು ವಿಲಿಯಂ ಫಾರ್ ಅನ್ನೋ ಸಂಖ್ಯಾಶಾಸ್ತ್ರಜ್ಞರ ಜೊತೆ ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು, ಸೈನಿಕರನ್ನ ಕೊಂದಿದ್ದು ಗುಂಡಲ್ಲ, ಆಸ್ಪತ್ರೆಯ ಕೊಳಕು ಅಂತ. ಆ ಲೆಕ್ಕಾನ ಬಣ್ಣದ ಚಕ್ರದ ಥರ ಚಿತ್ರ ಬರೆದು ಮಂತ್ರಿಗಳ ಮುಂದಿಟ್ರು. ಆಮೇಲೆ ಒಂದ್ಸಲಾನೂ ಭಾರತಕ್ಕೆ ಬರದೆ, ಇಲ್ಲಿನ ಕಂಟೋನ್ಮೆಂಟುಗಳಿಗೆಲ್ಲ ಪ್ರಶ್ನಾವಳಿ ಕಳಿಸಿ ನೀರೆಲ್ಲಿಂದ ಬರತ್ತೆ, ಚರಂಡಿ ಎಲ್ಲಿಗೆ ಹೋಗತ್ತೆ ಅಂತ ವಿಚಾರಿಸಿ 1863ರ ವರದಿಗೆ ಸರಕು ಒದಗಿಸಿದ್ದೂ ಆಕೇನೇ. ಅಂದ್ರೆ ಈ ವೃತ್ತಿಯ ಬುನಾದಿಯಲ್ಲಿ ಮರುಕ ಇದ್ದಿದ್ದು ನಿಜ, ಅದರ ಜೊತೆಗೆ ನೋಡೋದು, ಬರ್ಕೊಳ್ಳೋದು, ಲೆಕ್ಕ ಹಾಕೋದು, ಆಮೇಲೆ ಮೇಲಿನವರ ಮುಂದೆ ಬಾಯಿ ಬಿಟ್ಟು ಹೇಳೋದು ಕೂಡ ಅಷ್ಟೇ ಇತ್ತು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಲಿ ಆಕೆಯ ಹೆಸರಿನ ಸ್ಕೂಲ್ ಶುರುವಾದಾಗ ಹುಡುಗೀರು ಆಸ್ಪತ್ರೆಲೇ ಇದ್ದು ವಾರ್ಡ್ ಸಿಸ್ಟರ್ ಕೆಳಗೆ ಕಲೀತಿದ್ರು, ಒಂದು ವರ್ಷದ ತರಬೇತಿ. ಆಸ್ಪತ್ರೆನೇ ಶಾಲೆ. ಇದನ್ನೂ ಹೊಗಳಿ ಅಟ್ಟಕ್ಕೇರಿಸೋದು ಬೇಡ, ಯಾಕಂದ್ರೆ ಈ ಮಾದರಿ ಹರಡ್ತಾ ಹರಡ್ತಾ ಆಸ್ಪತ್ರೆಗಳಿಗೆ ವಿದ್ಯಾರ್ಥಿ ಅಂದ್ರೆ ಪುಕ್ಕಟೆ ಕೆಲಸದವರು ಅಂತಾಗೋಯ್ತು, ನಮ್ಮಲ್ಲೂ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಸ್ಕೂಲುಗಳಲ್ಲಿ ಓದಿದ ಹಳೇ ಸಿಸ್ಟರ್‌ಗಳನ್ನ ಕೇಳಿ ನೋಡಿ, ಕ್ಲಾಸಿಗಿಂತ ಡ್ಯೂಟಿನೇ ಜಾಸ್ತಿ ಮಾಡಿದೋರು ಅವರು. ಅದಕ್ಕೇ ಯೂನಿವರ್ಸಿಟಿ ಶಿಕ್ಷಣ ಬೇಕಿತ್ತು, 1946ರಲ್ಲಿ ದೆಹಲಿ ಮತ್ತೆ ವೆಲ್ಲೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಶುರುವಾಗಿದ್ದು ದೊಡ್ಡ ಹೆಜ್ಜೆನೇ. ಎಡವಟ್ಟಾಗಿದ್ದು ಆಮೇಲೆ. ಶೋಷಣೆ ತಪ್ಪಿಸೋ ನೆಪದಲ್ಲಿ ಆಸ್ಪತ್ರೆನೇ ತಪ್ಪಿಹೋಯ್ತು.

ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಿ ಅದೇ 1946ರಲ್ಲಿ ಬಂದ ಭೋರ್ ಸಮಿತಿ ವರದಿ ಪ್ರಕಾರ ಆಗ ಭಾರತದಲ್ಲಿದ್ದಿದ್ದು ಸುಮಾರು 7,000 ನರ್ಸುಗಳು, 43,000 ಜನಕ್ಕೆ ಒಬ್ಬರು. ಡಾಕ್ಟರುಗಳಾದ್ರೆ 6,300ಕ್ಕೆ ಒಬ್ಬರಿದ್ರು. ಜಗತ್ತಿನಲ್ಲೆಲ್ಲ ಡಾಕ್ಟರಿಗಿಂತ ನರ್ಸು ಜಾಸ್ತಿ ಇದ್ರೆ ನಮ್ಮಲ್ಲಿ ಉಲ್ಟಾ. ಕಾರಣ ಎಲ್ಲರಿಗೂ ಗೊತ್ತಿರೋದೇ. ಮಲ ಮೂತ್ರ ರಕ್ತ ಮುಟ್ಟೋ ಕೆಲಸ, ಅದೂ ಪರಪುರುಷರ ಮೈ ಮುಟ್ಟೋ ಕೆಲಸ, ರಾತ್ರಿ ಹೊರಗಿರೋ ಕೆಲಸ, ಮಡಿ ಮೈಲಿಗೆ ಲೆಕ್ಕ ಹಾಕೋ ಮನೆಗಳು ಹೆಣ್ಮಕ್ಕಳನ್ನ ಕಳಿಸಲಿಲ್ಲ. ಮಿಷನ್ ಆಸ್ಪತ್ರೆಗಳಲ್ಲಿ ಕಲಿತ ಕ್ರೈಸ್ತ ಹೆಣ್ಣುಮಕ್ಕಳು, ಅದರಲ್ಲೂ ಕೇರಳದವರು ಈ ವೃತ್ತಿನ ಹೊತ್ಕೊಂಡು ನಿಂತ್ರು. ಡಾಕ್ಟರ್ ಆಪರೇಷನ್ ಮಾಡಿ ಹೋದ ಮೇಲೆ ರೋಗಿ ಬದುಕಿದ್ದು ಯಾರಿಂದ ಅಂತ ಯಾರೂ ಕೇಳಲಿಲ್ಲ.

ಗಲ್ಫು, ಇಂಗ್ಲೆಂಡು, ಐರ್ಲೆಂಡು ಅಂತ ಹೊರದೇಶದ ಬಾಗಿಲು ತೆರೆದ ಮೇಲೆ ಚಿತ್ರ ಬದಲಾಯ್ತು. ಬೆಂಗಳೂರು, ಮಂಗಳೂರು, ತುಮಕೂರು, ಕಲಬುರಗಿ ಎಲ್ಲಾ ಕಡೆ ನರ್ಸಿಂಗ್ ಕಾಲೇಜಿನ ಬೋರ್ಡುಗಳೆದ್ವು, ಮೊದಲು ಕೇರಳದ ಮಕ್ಕಳು, ಆಮೇಲೆ ಈಶಾನ್ಯ ರಾಜ್ಯಗಳು, ಬಂಗಾಳ, ಜಾರ್ಖಂಡ್ ಅಂತ ಏಜೆಂಟರ ಕೈ ಹಿಡ್ಕೊಂಡು ಬಂದ ಮಕ್ಕಳು. ಒಳ್ಳೇ ಕಾಲೇಜುಗಳೇ ಇಲ್ಲ ಅಂತಲ್ಲ, ಬೇಕಾದಷ್ಟಿವೆ, ಆದ್ರೆ ಒಂದು ಬಿಲ್ಡಿಂಗಿನ ಎರಡು ಫ್ಲೋರ್ ಬಾಡಿಗೆ ಹಿಡಿದು, ಕೆಳಗೆ ಹಾರ್ಡ್‌ವೇರ್ ಅಂಗಡಿ ಮೇಲೆ ನರ್ಸಿಂಗ್ ಕಾಲೇಜ್ ಅನ್ನೋ ಥರದ್ದನ್ನ ನಾವೆಲ್ಲ ನೋಡಿದ್ದೀವಿ.

ಇದು ಹೇಗಾಯ್ತು ಅಂದ್ರೆ 1947ರ ಕಾಯ್ದೆಲೇ ಒಂದು ಸಂದಿ ಇತ್ತು. ಕೌನ್ಸಿಲ್‌ಗೆ ಡಿಗ್ರಿ, ಡಿಪ್ಲೊಮಾ ಅಂತ ಅರ್ಹತೆಗಳನ್ನ ಮಾನ್ಯ ಮಾಡೋ ಅಧಿಕಾರ ಸ್ಪಷ್ಟವಾಗಿ ಬರೆದಿತ್ತು, ಕಾಲೇಜಿಗೆ ಮಾನ್ಯತೆ ಕೊಡೋದು ಕಿತ್ಕೊಳ್ಳೋದು ಅಷ್ಟು ಸ್ಪಷ್ಟ ಇರಲಿಲ್ಲ. ರಾಜ್ಯ ಸರ್ಕಾರ, ರಾಜ್ಯ ಕೌನ್ಸಿಲ್, 1996ರ ಮೇಲೆ ರಾಜೀವ್ ಗಾಂಧಿ ಆರೋಗ್ಯ ವಿವಿ, ಇವರೆಲ್ಲರದ್ದೂ ಒಂದೊಂದು ಪರ್ಮಿಷನ್. ಕರ್ನಾಟಕದಲ್ಲಿ ಇದು ಕೋರ್ಟಿಗೇ ಹೋಯ್ತು, 2017ರಲ್ಲಿ ಹೈಕೋರ್ಟು ಕಾಲೇಜುಗಳಿಗೆ ಮಾನ್ಯತೆ ಕೊಡೋ ಅಧಿಕಾರ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ಗೆ ಇಲ್ಲ ಅಂತ ಹೇಳ್ತು. ಕೌನ್ಸಿಲ್ ಪಟ್ಟಿಲಿ ಕರ್ನಾಟಕದ ಕಾಲೇಜುಗಳ ಹೆಸರಿಲ್ಲ ಅಂತಾದಾಗ ಬೇರೆ ರಾಜ್ಯದಿಂದ ಬಂದ ಮಕ್ಕಳು ಕಂಗಾಲು, ನಾಳೆ ನಮ್ಮೂರಲ್ಲಿ ರಿಜಿಸ್ಟ್ರೇಷನ್ ಸಿಗತ್ತೋ ಇಲ್ವೋ ಅಂತ. ಕಾನೂನಿನ ದೃಷ್ಟಿಲಿ ಕೋರ್ಟು ಇದ್ದಿದ್ದನ್ನ ಇದ್ದ ಹಾಗೆ ಓದಿರಬಹುದು. ತಪ್ಪು ಕಾಯ್ದೆ ಬರೆದವರದ್ದು, ಅದನ್ನ ಎಪ್ಪತ್ತು ವರ್ಷ ಹಾಗೇ ಬಿಟ್ಟವರದ್ದು. ಹೊಸ ಕಾಯ್ದೆ ಈ ಸಂದಿ ಮುಚ್ಚೋಕೆ ಹೊರಟಿದೆ, ಅದು ಅದರ ದೊಡ್ಡ ಪ್ಲಸ್ ಪಾಯಿಂಟ್.

ಈಗ ಸ್ವಲ್ಪ ಲೆಕ್ಕ. ಹೊಸದಾಗಿ ಕಾಲೇಜ್ ಮಾಡೋರಿಗೆ ಕನಿಷ್ಠ 100 ಬೆಡ್‌ನ ಸ್ವಂತ ಆಸ್ಪತ್ರೆ ಇರಬೇಕು, ಪ್ರಾಕ್ಟಿಕಲ್‌ಗೆ ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳಿರಬೇಕು ಅನ್ನೋದು ನಿಯಮ. ನೂರು ಬೆಡ್‌ನಲ್ಲಿ ಮುಕ್ಕಾಲು ಭಾಗ ತುಂಬಿದೆ ಅಂತಿಟ್ಕೊಳ್ಳಿ, 75 ರೋಗಿಗಳು, ಅಂದ್ರೆ ಒಂದು ಹೊತ್ತಿಗೆ 25 ವಿದ್ಯಾರ್ಥಿಗಳು ಸರಿಯಾಗಿ ಕಲೀಬಹುದು. 60 ಸೀಟಿನ ಕಾಲೇಜಲ್ಲಿ ನಾಲ್ಕು ವರ್ಷಕ್ಕೆ 240 ಮಕ್ಕಳು. ಅರ್ಧ ಜನ ಕ್ಲಾಸಲ್ಲಿದ್ರೂ ಉಳಿದ 120 ಜನರಲ್ಲಿ ಆ 25 ಬಿಟ್ಟು ಮಿಕ್ಕೋರು ಎಲ್ಲಿಗೆ ಹೋಗ್ಬೇಕು? ಸರ್ಕಾರಿ ಆಸ್ಪತ್ರೆಗೆ. ಅದೇ ಸರ್ಕಾರಿ ಆಸ್ಪತ್ರೆಗೆ ಊರಿನ ಉಳಿದ ಕಾಲೇಜುಗಳವರೂ ಬಂದಿರ್ತಾರೆ, ಒಂದೊಂದು ಕಾಲೇಜಿಗೆ ಒಂದೊಂದು ಬಣ್ಣದ ಯೂನಿಫಾರ್ಮ್, ಒಬ್ಬ ಮುದುಕಪ್ಪನ ಬಿಪಿ ನೋಡೋಕೆ ಬೆಳಿಗ್ಗೆಯಿಂದ ಆರೇಳು ಜನ ಬಂದು ಕೈಗೆ ಪಟ್ಟಿ ಸುತ್ತಿರ್ತಾರೆ, ಆ ಮನುಷ್ಯ ಕೊನೆಗೆ "ಏ ಸಾಕು ಹೋಗ್ರವ್ವಾ, ಕೈ ನೋಯ್ತೈತಿ" ಅಂತ ಗೊಣಗ್ತಾನೆ. ಅದೇ ವಾರ್ಡಲ್ಲಿ ಮೂಲೆ ಬೆಡ್‌ನಲ್ಲಿ ಲಕ್ವ ಹೊಡೆದು ಮಲಗಿರೋರ ಮಗ್ಗುಲು ಯಾರು ಬದಲಾಯಿಸಿದ್ರು ಕೇಳಿ, ಉತ್ತರ ಇಲ್ಲ.

ಇದರ ಇನ್ನೊಂದು ಮುಖ ಪ್ರೊಸೀಜರ್ ಬುಕ್. ಬೆಡ್ ಬಾತ್ ಇಷ್ಟು, ಕ್ಯಾತಿಟರ್ (ಮೂತ್ರಕ್ಕೆ ಹಾಕೋ ನಳಿಕೆ) ಇಷ್ಟು, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕೋ ನಳಿಕೆ) ಇಷ್ಟು, ಡೆಲಿವರಿ ನೋಡಿದ್ದು ಇಷ್ಟು, ಮಾಡಿದ್ದು ಇಷ್ಟು ಅಂತ ಕಾಲಂ ಇರತ್ತೆ, ಪ್ರತಿಯೊಂದಕ್ಕೂ ಮೇಡಂ ಸೈನ್ ಬೇಕು. ಪರೀಕ್ಷೆ ಹತ್ತಿರ ಬಂದಾಗ ಸೀನಿಯರ್ ಬುಕ್ ಇಸ್ಕೊಂಡು ರಾತ್ರಿಯೆಲ್ಲ ಹಾಸ್ಟೆಲ್‌ನಲ್ಲಿ ಕೂತು ಅದೇ ರೋಗಿ, ಅದೇ ಡಯಾಗ್ನೋಸಿಸ್, ಅದೇ ಕೇರ್ ಪ್ಲಾನ್ ನಕಲು ಹೊಡೆಯೋದು, ಮೂರು ಬಣ್ಣದ ಪೆನ್ನಲ್ಲಿ ಅಂಡರ್‌ಲೈನ್ ಹಾಕೋದು. ಎಲ್ಲರೂ ಮಾಡ್ತಾರೆ ಅಂತ ಹೇಳಲ್ಲ, ಆದ್ರೆ ಈ ಫೀಲ್ಡಲ್ಲಿರೋ ಯಾರನ್ನಾದ್ರೂ ಕೇಳಿ, ನಗ್ತಾರೆ. ಮಕ್ಕಳನ್ನ ಬೈದು ಏನೂ ಪ್ರಯೋಜನ ಇಲ್ಲ. ಹೆರಿಗೆ ಮಾಡ್ಸೋಕೆ ಹೆರಿಗೆನೇ ಸಿಗದಿದ್ರೆ ಅವರಾದ್ರೂ ಏನು ಬರೀಬೇಕು? ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನೋ ಕಥೆ.

ಇನ್ನು ಥಿಯರಿ. ನರ್ಸಿಂಗ್ ಥಿಯರಿ ಅಂದ ತಕ್ಷಣ ವಾರ್ಡಲ್ಲಿರೋರು ಮುಖ ಸಿಂಡರಿಸ್ತಾರೆ, ಎಮ್ಮೆಸ್ಸಿ ಥೀಸಿಸ್‌ಗೆ ಒಂದು ಚಿತ್ರ ಬಿಡಿಸೋಕೆ ಬೇಕಾಗೋದು ಅಂತ. ಪೆಪ್ಲಾವ್, ಹೆಂಡರ್ಸನ್, ಒರೆಮ್, ರಾಯ್, ವಾಟ್ಸನ್ ಅಂತ ಥಿಯರಿ ಬರೆದವರ ಹೆಸರು ಬಾಯಿಪಾಠ ಮಾಡಿ, ಹೆಂಡರ್ಸನ್ ಹೇಳಿದ ರೋಗಿಯ 14 ಅಗತ್ಯಗಳನ್ನ ಸಾಲಾಗಿ ಬರೆದ್ರೆ ಮಾರ್ಕ್ಸ್. ನನಗನ್ಸೋದು ದೋಷ ಥಿಯರಿದಲ್ಲ, ಕಲಿಸೋ ಜಾಗದ್ದು. ಒಂದು ಉದಾಹರಣೆ ತಗೊಳ್ಳಿ. ಹಳ್ಳಿಯಿಂದ ಬಂದ ಅರವತ್ತು ದಾಟಿದ ರೈತ, ಶುಗರ್, ಕಾಲಲ್ಲಿ ಹುಣ್ಣು, ಇವತ್ತು ಡಿಸ್ಚಾರ್ಜ್. ಡಾಕ್ಟರ್ ಇನ್ಸುಲಿನ್ ಬರೆದಾಯ್ತು, ಡ್ರೆಸಿಂಗ್ ದಿನಾ ಮಾಡಿಸ್ಕೊಳ್ಳಿ ಅಂತ ಹೇಳಾಯ್ತು. ಡೊರೊಥಿಯಾ ಒರೆಮ್ ಪ್ರಕಾರ ಇಲ್ಲಿಂದಲೇ ನರ್ಸಿಂಗ್ ಶುರು: ಈ ಮನುಷ್ಯ ತನ್ನನ್ನ ತಾನು ನೋಡ್ಕೊಳ್ಳೋದ್ರಲ್ಲಿ ಎಷ್ಟು ಆಗತ್ತೆ, ಎಷ್ಟು ಆಗಲ್ಲ, ಆಗದೇ ಇರೋದನ್ನ ಯಾರು ತುಂಬಬೇಕು. ಸಿರಿಂಜಿನ ಗೀಟು ಕಣ್ಣಿಗೆ ಕಾಣತ್ತಾ? ಮನೇಲಿ ಫ್ರಿಜ್ ಇದ್ಯಾ? ಇಲ್ಲ ಅಂದ್ರೆ ಬಾಟ್ಲಿನ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿ ನೀರು ತಾಗದ ಹಾಗೆ ಮಣ್ಣಿನ ಮಡಕೆಲಿ ತಂಪಲ್ಲಿಡಬಹುದು ಅಂತ ಯಾರಾದ್ರೂ ಹೇಳಿದ್ರಾ? ಬರಿಗಾಲಲ್ಲಿ ಗದ್ದೆಗಿಳಿಯೋ ಅಭ್ಯಾಸ ಇದ್ಯಾ? ಊಟ ತಡ ಆದ ದಿನ ಇಂಜೆಕ್ಷನ್ ಏನು ಮಾಡ್ಬೇಕು? ಸೊಸೆಗೆ ಕಲಿಸೋಣ ಅಂದ್ರೆ ಆಸ್ಪತ್ರೆಗೆ ಬಂದಿರೋದು ಮಗ, ಅವನು ಮನೇಲಿರಲ್ಲ. ಇಷ್ಟನ್ನೂ ಹತ್ತು ನಿಮಿಷ ಕೂತು ಕೇಳಿದ ಸಿಸ್ಟರ್ ಒಬ್ಬರಿದ್ರೆ ಆ ಕಾಲು ಉಳಿಯೋ ಚಾನ್ಸ್ ಜಾಸ್ತಿ. ಥಿಯರಿ ಅಂದ್ರೆ ಇಷ್ಟೇ, ಏನೇನು ಕೇಳ್ಬೇಕು ಅನ್ನೋದು ಮರೀದೇ ಇರೋಕೆ ಒಂದು ಕ್ರಮ. ಪುಸ್ತಕದಲ್ಲೇ ಕಲಿತರೆ ಅದು ಚಿತ್ರ, ಡಿಸ್ಚಾರ್ಜ್ ಟೇಬಲ್ ಹತ್ತಿರ ಕಲಿತರೆ ಕೈಗೆ ಬರೋ ವಿದ್ಯೆ.

ಆದ್ರೆ ಆ ಹತ್ತು ನಿಮಿಷ ಎಲ್ಲಿದೆ? ಟೀಚಿಂಗ್ ಆಸ್ಪತ್ರೆ ಜನರಲ್ ವಾರ್ಡಿಗೆ ಮೂರು ರೋಗಿಗೆ ಒಬ್ಬರು, ಬೇರೆ ಕಡೆ ಐದಕ್ಕೆ ಒಬ್ಬರು ಅಂತ ಕೌನ್ಸಿಲ್ ಹೇಳ್ತಿತ್ತು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ಮೂವತ್ತು ಬೆಡ್‌ಗೆ ಒಬ್ಬರೇ ಇದ್ರೆ ಒಬ್ಬ ರೋಗಿಗೆ ಸಿಗೋದು ಹನ್ನೆರಡು ಗಂಟೆಲಿ 24 ನಿಮಿಷ, ಅದೂ ಆ ಸಿಸ್ಟರ್ ಒಂದ್ಸಲಾನೂ ಕೂರದೆ, ಬಾತ್‌ರೂಮಿಗೂ ಹೋಗದೆ, ಹೊಸ ಅಡ್ಮಿಷನ್ ಬರದೆ ಇದ್ರೆ. ಅದರಲ್ಲೇ ಟೆಂಪರೇಚರ್, ಬಿಪಿ, ಡ್ರಿಪ್, ಆರು ಗಂಟೆ ಇಂಜೆಕ್ಷನ್, ಬ್ಲಡ್ ಸ್ಯಾಂಪಲ್, ಕೇಸ್ ಶೀಟ್. ಮಗ್ಗುಲು ಬದಲಾಯಿಸೋದು ಎರಡು ಗಂಟೆಗೊಮ್ಮೆ ಅಂತ ಪುಸ್ತಕದಲ್ಲಿದೆ, ಒಬ್ಬ ದೊಡ್ಡ ಮನುಷ್ಯನ್ನ ಒಬ್ಬರೇ ಎತ್ತಿ ತಿರುಗಿಸೋಕೂ ಆಗಲ್ಲ.

ಹಾಸಿಗೆ ಹುಣ್ಣು ಬಂದ್ರೆ ಸಾಮಾನ್ಯವಾಗಿ ಅದು ಕಾಯಿಲೆ ತಪ್ಪಲ್ಲ, ಆರೈಕೆ ತಪ್ಪು ಅಂತ ನೈಟಿಂಗೇಲ್ 1859ರಷ್ಟು ಹಿಂದೇನೇ ಬರೆದಿಟ್ಟಿದ್ರು. ಈ ಮಾತನ್ನ ನಿಜ ಮಾಡಿ ತೋರಿಸಿದ್ದಕ್ಕೆ ನಮ್ಮ ಉತ್ತರ ಕನ್ನಡದ ಹೆಣ್ಣುಮಗಳೊಬ್ಬಳ ಕಥೆನೇ ಇದೆ. ಹೊನ್ನಾವರ ತಾಲ್ಲೂಕು ಹಳದೀಪುರದ ಅರುಣಾ ಶಾನಭಾಗ್, ಮುಂಬೈನ ಕೆಇಎಂ ಆಸ್ಪತ್ರೆಲಿ ನರ್ಸ್. 1973ರ ನವೆಂಬರ್ 27ಕ್ಕೆ ಅದೇ ಆಸ್ಪತ್ರೆಯ ಕೆಲಸದವನೊಬ್ಬ ಆಕೆ ಮೇಲೆ ದೌರ್ಜನ್ಯ ಎಸಗಿ ಕುತ್ತಿಗೆಗೆ ಸರಪಳಿ ಬಿಗಿದ, ಮಿದುಳಿಗೆ ರಕ್ತ ಹೋಗದೆ ಆಕೆ ಮತ್ತೆ ಎದ್ದೇಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳೋ ತನಕ, 41 ವರ್ಷಕ್ಕಿಂತ ಜಾಸ್ತಿ, ತಲೆಮಾರಿನಿಂದ ತಲೆಮಾರಿಗೆ ಕೆಇಎಂ ಸಿಸ್ಟರ್‌ಗಳು ಆಕೆಗೆ ಊಟ ಮಾಡ್ಸಿದ್ರು, ಮೈ ಒರೆಸಿದ್ರು, ಮಗ್ಗುಲು ಬದಲಾಯಿಸಿದ್ರು. ಒಂದೂ ಹಾಸಿಗೆ ಹುಣ್ಣಾಗಿಲ್ಲ ಅನ್ನೋದನ್ನ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಮೆಚ್ಕೊಂಡು ಬರೀತು. ದಯಾಮರಣಕ್ಕೆ ಹಾಕಿದ ಅರ್ಜಿನ ಆ ನರ್ಸುಗಳು ವಿರೋಧಿಸಿದ್ರು, ಕೋರ್ಟು ಆಕೆಯ ಪರವಾಗಿ ಮಾತಾಡೋ ಹಕ್ಕು ಹೊರಗಿನವರಿಗಿಂತ ಕೆಇಎಂ ಸಿಬ್ಬಂದಿಗೇ ಇದೆ ಅಂತ ಒಪ್ಕೊಳ್ತು. ಅಷ್ಟು ವರ್ಷ ಹಾಗೆ ಬದುಕಿಸಿದ್ದು ಸರಿನಾ ಅಂತ ಕೇಳೋರು ಇದ್ದಾರೆ, ಆ ಪ್ರಶ್ನೆ ಸುಲಭದ್ದಲ್ಲ, ನನಗೂ ಪೂರ್ತಿ ಉತ್ತರ ಇಲ್ಲ. ಆದ್ರೆ ನೀತಿ ಬಗ್ಗೆ ಮಾತಾಡೋ ಅಧಿಕಾರ ಹೇಗೆ ಬರತ್ತೆ ಅನ್ನೋದು ಇಲ್ಲಿ ಕಾಣತ್ತೆ, ದಿನಾ ಮುಟ್ಟಿ ನೋಡ್ಕೊಂಡವರಿಗೆ ಬರತ್ತೆ.

ನಮ್ಮ ಕಾಲೇಜುಗಳಲ್ಲಿ ನೀತಿ ಅಂದ್ರೆ ಲ್ಯಾಂಪ್ ಲೈಟಿಂಗ್ (ಹೊಸ ವಿದ್ಯಾರ್ಥಿಗಳು ದೀಪ ಹಚ್ಚೋ) ದಿನದ ಪ್ರತಿಜ್ಞೆ. ನೈಟಿಂಗೇಲ್ ಪ್ಲೆಡ್ಜ್ ಅಂತ ಕರೆದ್ರೂ ಅದನ್ನ ಬರೆದಿದ್ದು ನೈಟಿಂಗೇಲ್ ಅಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟ್ಟರ್ ಮತ್ತೆ ಅವರ ಸಮಿತಿ. ಅದರ ಮೂಲದಲ್ಲಿ ಡಾಕ್ಟರಿಗೆ ನಿಷ್ಠೆಯಿಂದ ನೆರವಾಗ್ತೀನಿ ಅನ್ನೋ ಸಾಲಿದೆ. 1953ರಲ್ಲಿ ಬಂದು 2021ರಲ್ಲಿ ಮತ್ತೆ ಪರಿಷ್ಕಾರ ಆದ ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್‌ನ ನೀತಿಸಂಹಿತೆ ನರ್ಸಿನ ಮೊದಲ ಹೊಣೆ ರೋಗಿಗೆ, ಜನಕ್ಕೆ ಅನ್ನತ್ತೆ. ಡೋಸ್ ತಪ್ಪಾಗಿ ಬರೆದಿದ್ದಾರೆ ಅಂತ ಕಂಡಾಗ ಸರ್ ಇದು ಸರಿಯಿಲ್ಲ ಅಂತ ಫೋನ್ ಮಾಡೋಕೆ ಈ ಎರಡನೇದು ಬೇಕು. ವರ್ಷಕ್ಕೊಮ್ಮೆ ಕಾಂಟ್ರ್ಯಾಕ್ಟ್ ರಿನ್ಯೂ ಆಗೋ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬರ್ಬೇಕು? 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೂತ ಸಮಿತಿ, 200 ಬೆಡ್ ದಾಟಿದ ಖಾಸಗಿ ಆಸ್ಪತ್ರೆಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆ ಬೆಡ್ ಇದ್ರೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಅಂತ ಶಿಫಾರಸು ಮಾಡ್ತು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದು 2018ರಲ್ಲಿ ಕನಿಷ್ಠ ವೇತನದ ಆದೇಶ ತೆಗೆಸ್ಕೊಂಡ್ರು. ಸಂಬಳ ಬೇರೆ, ನೀತಿ ಬೇರೆ ಅನ್ನೋರಿಗೆ ಇದು ಅರ್ಥ ಆಗಲ್ಲ.

ಹೊಸ ಕಾಯ್ದೆಯ ಎಂಟ್ರೆನ್ಸ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ನನ್ನ ಪ್ರಕಾರ ಅದು ಕಡಿಮೆ ಮುಖ್ಯದ್ದು. ಒಳಗೆ ಬರೋರನ್ನ ಸೋಸಿದ್ರೆ ಒಳಗೆ ಕಲಿಸೋದು ಸುಧಾರಿಸಲ್ಲ. ನೋಡ್ಬೇಕಾಗಿರೋದು ರೇಟಿಂಗ್ ಬೋರ್ಡು ಏನು ಅಳೀತದೆ ಅನ್ನೋದನ್ನ. ಇನ್‌ಸ್ಪೆಕ್ಷನ್ ದಿನಕ್ಕೆ ಬಾಡಿಗೆಗೆ ಬಂದು ಕೂರೋ ಟೀಚರ್ಸ್, ಆವತ್ತು ಮಾತ್ರ ತುಂಬೋ ಬೆಡ್, ಇದನ್ನೇ ಎಣಿಸ್ಕೊಂಡು ಹೋದ್ರೆ ಬೋರ್ಡಿನ ಹೆಸರು ಬದಲಾಯ್ತು ಅಷ್ಟೆ. ಬದಲಿಗೆ ಆಸ್ಪತ್ರೆಯ ವರ್ಷಪೂರ್ತಿ ಅಡ್ಮಿಷನ್ ಲೆಕ್ಕ, ಹೆರಿಗೆ ಲೆಕ್ಕ ತಗೊಂಡು ಮಕ್ಕಳ ಪ್ರೊಸೀಜರ್ ಬುಕ್ ಜೊತೆ ತಾಳೆ ನೋಡಿದ್ರೆ ಸಾಕು, ಸುಳ್ಳು ಅಲ್ಲೇ ಸಿಕ್ಕಿಬೀಳತ್ತೆ. ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ 2014ರಿಂದೀಚೆ ಶುರುವಾದ ಮೆಡಿಕಲ್ ಕಾಲೇಜುಗಳ ಜೊತೆಗೇ 157 ನರ್ಸಿಂಗ್ ಕಾಲೇಜು ಅಂತ ಹೇಳ್ತಲ್ಲ, ಆ ದಾರಿ ಸರಿ, ಯಾಕಂದ್ರೆ ಅಲ್ಲಿ ಬೆಡ್ ಮೊದಲೇ ಇರತ್ತೆ.

ಅಲ್ಲೀತನಕ, ಮನೇಲಿ ಪಿಯುಸಿ ಮುಗಿಸಿ ನರ್ಸಿಂಗ್ ಸೇರ್ತೀನಿ ಅನ್ನೋ ಮಕ್ಕಳಿದ್ರೆ ಏಜೆಂಟ್ ತೋರ್ಸೋ ಬಿಲ್ಡಿಂಗ್ ಫೋಟೋ, ಬಸ್ಸು, ಹಾಸ್ಟೆಲ್ ಮೆನು ಎಲ್ಲಾ ಆಮೇಲೆ ನೋಡಿ. ಮೊದಲು ಪೇರೆಂಟ್ ಹಾಸ್ಪಿಟಲ್, ಅಂದ್ರೆ ಕಾಲೇಜಿನ ಸ್ವಂತ ಆಸ್ಪತ್ರೆ, ಯಾವುದು ಅಂತ ಹೆಸರು ಕೇಳಿ, ಹೇಳದೇ ಒಂದು ಮಧ್ಯಾಹ್ನ ಅಲ್ಲಿಗೇ ಹೋಗಿ, ವಾರ್ಡಲ್ಲಿ ರೋಗಿಗಳಿದ್ದಾರಾ, ಯೂನಿಫಾರ್ಮ್ ಹಾಕಿದ ಮಕ್ಕಳ ಜೊತೆ ಟೀಚರ್ ನಿಂತಿದ್ದಾರಾ ಅಥವಾ ಮಕ್ಕಳೇ ಮೆಟ್ಟಿಲ ಮೇಲೆ ಕೂತಿದ್ದಾರಾ ನೋಡಿ. ಮೂರನೇ ವರ್ಷದ ಒಬ್ಬಳನ್ನ ಪಕ್ಕಕ್ಕೆ ಕರೆದು ನೀನು ನಿನ್ನ ಕೈಯಾರೆ ಎಷ್ಟು ಜನಕ್ಕೆ ಕ್ಯಾತಿಟರ್ ಹಾಕಿದ್ದೀಯಮ್ಮಾ ಅಂತ ಕೇಳಿ. ಆಮೇಲೆ ಆಫೀಸಲ್ಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡು ನಿಮ್ಮತ್ರ ಇಟ್ಕೊಳ್ತೀರಾ, ಮಧ್ಯದಲ್ಲಿ ಬಿಟ್ರೆ ವಾಪಸ್ ಕೊಡ್ತೀರಾ ಅಂತ ಬರವಣಿಗೆಲಿ ಕೇಳಿ ತಗೊಳ್ಳಿ.